ಹದಿನೆಂಟು ಮಂದಿಯ ಸಮೂಹಗಾನ ಮತ್ತು ನನ್ನ ಅತ್ತೆ

ನಮ್ಮ ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮಕ್ಕೆ ಸಮೂಹಗಾನ ಕಲಿಸುವ ಕೆಲಸ ನನ್ನ ತಲೆಗೆ ಬಂದದ್ದು ಅತ್ತೆಯಿಂದ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಮನೆಗಳ ಸಾಲಿನಲ್ಲಿ ನಾವಿದ್ದೆವು. ನಾನು ದಿನಾ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಠಾಣೆ ಶಹರಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ವಾಗ್ಳೆ ಎಸ್ಟೇಟಿನ ಒಂದು ಕಚೇರಿ ಸೇರಿಕೊಳ್ಳುವವಳು. ವಾರದಲ್ಲಿ ನನ್ನದು ಅಂತ ಇದ್ದದ್ದು ಭಾನುವಾರ ಒಂದೇ. ಅತ್ತೆ ಅದನ್ನೇ ದಾನ ಮಾಡಿಬಂದರು.

ಭಜನೆ ಮುಗಿಸಿ ಬಂದವರು ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದರು. ಮನೆಯಲ್ಲಿ ನಮ್ಮ ಮಾತೆಲ್ಲ ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹಾಡು ಕಲಿಸುವವರು ಯಾರಾದರೂ ಇದ್ದಾರಾ ಅಂತ ಅಧ್ಯಕ್ಷರು ಕೇಳಿದರು. ನಮ್ಮ ಸೊಸೆ ಏಳು ವರ್ಷ ಸಂಗೀತ ಕಲಿತವಳು ಅಂತ ಹೇಳಿಬಿಟ್ಟೆ."

"ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಅತ್ತೆ?"

"ಕೇಳಿದರೆ ನೀನು ಆಗುವುದಿಲ್ಲ ಅನ್ನುತ್ತೀ. ಅದಕ್ಕೇ ಕೇಳಲಿಲ್ಲ. ಹಾಡುವವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದು."

ಉಡುಪಿಯಲ್ಲಿ ಶಾಲೆಗೆ ಹೋಗುವಾಗ ನಾನು ಏಳು ವರ್ಷ ಸಂಗೀತ ಕಲಿತದ್ದು ನಿಜ. ಆದರೆ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಶ್ರುತಿಪೆಟ್ಟಿಗೆ ಕಪಾಟಿನ ಮೇಲೆ ಹಳೆಯ ಸೂಟ್‌ಕೇಸುಗಳ ಹಿಂದೆ ಕೂತಿತ್ತು. ಅದನ್ನು ಇಳಿಸಿ ಧೂಳು ಒರೆಸುವಾಗ ನನಗೆ ಒಳಗೊಳಗೆ ಖುಷಿಯೂ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆ ಖುಷಿ ಮೊದಲನೆಯ ಭಾನುವಾರ ಮೂರು ಗಂಟೆಯವರೆಗೆ ಉಳಿಯಿತು.

ಅಭ್ಯಾಸಕ್ಕೆ ಗೊತ್ತುಮಾಡಿದ ಜಾಗ ಅಧ್ಯಕ್ಷರ ಹೋಟೆಲಿನ ಮಹಡಿ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಆ ಫ್ಯಾಮಿಲಿ ರೂಮು ಎರಡು ಗಂಟೆ ಖಾಲಿ ಇರುತ್ತಿತ್ತು. ಪಟ್ಟಿಯಲ್ಲಿ ಹದಿನೆಂಟು ಹೆಸರು: ಹನ್ನೆರಡು ಹೆಂಗಸರು, ಆರು ಗಂಡಸರು. ಮೂರು ಗಂಟೆಗೆ ಬಂದವರು ಅತ್ತೆ ಮತ್ತು ನಾನು. ಮೂರೂವರೆಗೆ ಏಳು ಜನ ಆದರು. ಮೂರು ಮುಕ್ಕಾಲಿಗೆ ಅಧ್ಯಕ್ಷರು ಕೆಳಗಿನಿಂದ ಎಲ್ಲರಿಗೂ ಶೀರಾ ಕಳಿಸಿದರು. ತುಪ್ಪದ ಶೀರಾ ತಿಂದ ಬಾಯಿಯಲ್ಲಿ ಯಾರ ಸ್ವರವೂ ಏಳಲಿಲ್ಲ.

"ಅಧ್ಯಕ್ಷರೇ, ತಿಂಡಿ ಕೊನೆಗೆ ಕೊಡಿ," ಎಂದೆ.

"ಎಂತ ಮೇಡಂ ನೀವು, ಕೊನೆಗೆ ಕೊಟ್ರೆ ಇವರು ಮೊದಲಿಗೆ ಬರ್ಲಿಕ್ಕುಂಟಾ?" ಎಂದರು ಅವರು. ಅವರ ಲೆಕ್ಕವೇ ಸರಿಯಿತ್ತು.

ಅಧ್ಯಕ್ಷರೂ ಹಾಡುವವರೇ. ಗಟ್ಟಿ ಕಂಠ. ಆದರೆ ಮಹಡಿಯ ಕೆಳಗೇ ಅಡಿಗೆಮನೆ. ಮರುದಿನದ ದೋಸೆಗೆ ಅಕ್ಕಿ ರುಬ್ಬುವ ಗ್ರೈಂಡರು ಸರಿಯಾಗಿ ಆ ಹೊತ್ತಿಗೇ ಗುಂಯ್ ಎನ್ನುತ್ತಿತ್ತು. ನನ್ನ ಶ್ರುತಿಪೆಟ್ಟಿಗೆ ಒಂದು ಸ್ವರ, ಗ್ರೈಂಡರು ಇನ್ನೊಂದು. ಇಪ್ಪತ್ತು ವರ್ಷ ಆ ಗ್ರೈಂಡರಿನ ಜೊತೆ ಬಾಳಿದ ಅಧ್ಯಕ್ಷರು ಅದರ ಸ್ವರವನ್ನೇ ಹಿಡಿಯುತ್ತಿದ್ದರು. ಉಳಿದ ಗಂಡಸರು ಅಧ್ಯಕ್ಷರನ್ನು ಹಿಡಿಯುತ್ತಿದ್ದರು. ಗ್ರೈಂಡರು ನಿಲ್ಲಿಸಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅವರದೇ ಹೋಟೆಲು, ಅವರದೇ ಶೀರಾ.

ನಿಜವಾಗಿ ಸ್ವರ ಇದ್ದದ್ದು ಒಬ್ಬರಿಗೆ. ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿ ಮನೆಮಾಡಿಕೊಂಡು ರೈಲ್ವೆ ಕಾರ್‌ಶೆಡ್ಡಿನಲ್ಲಿ ಕೆಲಸಕ್ಕಿದ್ದ, ವಿಜಾಪುರ ಕಡೆಯವರು. ಬಾಯಿ ತೆರೆದರೆ ಕೋಣೆ ತುಂಬುತ್ತಿತ್ತು. ಆದರೆ ಅವರು ಬಂದರೆ ತಾನೆ? ಭಾನುವಾರವೆಂದರೆ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಅರ್ಧ ರೈಲು ಬಂದ್. ಎರಡನೆಯ ವಾರ ಅವರು ನಾಲ್ಕೂವರೆಗೆ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು.

"ಏನ್ ಮಾಡ್ಲಿರಿ ಮೇಡಂ, ಎಲ್ಲಾ ಗಾಡಿ ಫಾಸ್ಟ್ ಲೈನಿಗೆ ಹಾಕ್ಯಾರ. ಕಳವಾ ಸ್ಟೇಷನ್ನಾಗ ಒಂದೂ ನಿಂದ್ರಂಗಿಲ್ಲ. ರಿಕ್ಷಾ ಮಾಡ್ಕೊಂಡು ಠಾಣ್ಯಾಕ್ಕ ಹೋಗಿ, ಅಲ್ಲಿಂದ ಗಾಡಿ ಹತ್ತಿ ಬಂದೀನ್ರಿ."

ರೈಲು ರಿಪೇರಿ ಮಾಡುವ ಮನುಷ್ಯನೇ ರೈಲು ಸಿಗದೆ ತಡವಾದರೆ ನಾನು ಯಾರನ್ನು ಬೈಯಲಿ?

ಮೂರು ಹಾಡು ಆರಿಸಿದ್ದೆ. ಹನ್ನೆರಡು ನಿಮಿಷ ನಮಗೆ ಎಂದು ಅಧ್ಯಕ್ಷರು ಮಾತು ಕೊಟ್ಟಿದ್ದರು. ಹಾಡಿನ ಹಾಳೆಗಳನ್ನು ಕಚೇರಿಯಲ್ಲಿ ಜೆರಾಕ್ಸ್ ಮಾಡಿಸಿ ತಂದು ಹಂಚಿದರೆ, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಕಾಲೇಜು ಹುಡುಗಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಹತ್ತಿರ ಬಂದಳು. ಇಲ್ಲೇ ಹುಟ್ಟಿದವಳು, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು.

"ಆಂಟೀ, ಮೈ ಹಿಂದೀ ಮೇ ಲಿಖ್ ಲೂಂ?"

"ಬರ್ಕೋ. ಆದರೆ ಹಾಡುವಾಗ ಕನ್ನಡ ಕೇಳಿಸಬೇಕು."

ಅವಳು ಶ್ರದ್ಧೆಯಿಂದ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ತಲೆ ಎತ್ತಿ, "ಆಂಟೀ, ಇಂಚರ ಮತ್ಲಬ್?" ಎಂದು ಕೇಳಿದಳು. ನಾನು ಹೇಳುವ ಮೊದಲೇ ಕೋಣೆಯಲ್ಲಿ ಚರ್ಚೆ ಶುರುವಾಯಿತು. ಒಬ್ಬರು ಅದು ಹಕ್ಕಿಯ ಹೆಸರು ಎಂದರು. ಇನ್ನೊಬ್ಬರು ಸಣ್ಣ ಮಳೆ ಎಂದರು. ಅಧ್ಯಕ್ಷರು, "ಅರ್ಥ ಎಂತಕ್ಕೆ? ಹಾಡಿದ್ರೆ ಸಾಕು," ಎಂದರು. ಕೊನೆಗೆ ವಿಜಾಪುರದವರು, "ಹಕ್ಕಿ ಇಂಪಾಗಿ ಕೂಗ್ತೈತಲ್ಲವಾ, ಆ ದನಿ," ಎಂದು ಹುಡುಗಿಗೆ ಹೇಳಿದರು. ಹತ್ತು ನಿಮಿಷ ಹೋಯಿತು. ನಾನು ಗಡಿಯಾರ ನೋಡಿಕೊಂಡೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ನನ್ನ ಅತ್ತೆಯನ್ನು.

ಅತ್ತೆಗೆ ಆಗ ಅರವತ್ತೆರಡು. ಭಜನೆ ಹಾಡಿ ಹಾಡಿ ಪಳಗಿದ ಕಂಠ. ಪ್ರತಿ ಸಾಲಿನ ಕೊನೆಯ ಅಕ್ಷರ ಅವರ ಬಾಯಿಗೆ ಬಂದರೆ ಅದಕ್ಕೆ ಬಿಡುಗಡೆ ಇಲ್ಲ. ಕಣ್ಣು ಮುಚ್ಚಿ ಎಳೆಯುತ್ತಿದ್ದರು. ಉಳಿದ ಹನ್ನೊಂದು ಹೆಂಗಸರೂ ಅವರ ಹಿಂದೆಯೇ ಎಳೆಯುತ್ತಿದ್ದರು. ನಾನು ಎದುರು ನಿಂತು ಅಂಗೈ ಕೆಂಪಾಗುವ ಹಾಗೆ ತಾಳ ತಟ್ಟುತ್ತಿದ್ದೆ. ಮೂರು ನಿಮಿಷದ ಹಾಡು ಐದು ನಿಮಿಷ ಆಗುತ್ತಿತ್ತು.

"ಅತ್ತೆ, ಸ್ವಲ್ಪ ಬೇಗ."

"ಎಂತಕ್ಕೆ ಬೇಗ? ಹಾಡಿಗೆ ಲೋಕಲ್ ತಪ್ತದಾ?"

ಎಲ್ಲರೂ ನಕ್ಕರು. ನಾನೂ ನಗುವಂತೆ ಮುಖ ಮಾಡಿದೆ. ಮನೆಗೆ ಬಂದು ಅಡಿಗೆಮನೆಯಲ್ಲಿ ಮತ್ತೆ ಹೇಳಿದೆ. ಸೌತೆಕಾಯಿ ಹೆಚ್ಚುತ್ತ, "ಆಯ್ತು ಆಯ್ತು," ಎಂದರು. ಮುಂದಿನ ಭಾನುವಾರ ಅದೇ ಕಥೆ. ವಾರದ ನಡುವೆ ನಾನು ಅವರನ್ನು ಕೂರಿಸಿ ತಾಳ ಹಾಕಿ ಹೇಳಿಕೊಟ್ಟೆ. ನನ್ನೆದುರು ಒಬ್ಬರೇ ಹಾಡುವಾಗ ಸರಿಯಾಗಿಯೇ ಹಾಡಿದರು. ಬೇಕೆಂದೇ ಮಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ರಾತ್ರಿ ಗಂಡನಿಗೆ ದೂರು ಹೇಳಿದರೆ ಅವರು ಟಿವಿಯ ಸದ್ದು ಒಂದಿಷ್ಟು ಕಡಿಮೆ ಮಾಡಿ, "ಅಮ್ಮ ಹಾಗೇ," ಎಂದು ಮತ್ತೆ ಹೆಚ್ಚಿಸಿದರು.

ಕಾರ್ಯಕ್ರಮಕ್ಕೆ ಎರಡು ವಾರ ಇರುವಾಗ ಅಂತೂ ಒಂದು ಭಾನುವಾರ ಹದಿನೆಂಟೂ ಜನ ಬಂದರು. ನವರಾತ್ರಿ ಮುಗಿದಿತ್ತು, ಸೆಕೆ ಕುದಿಯುತ್ತಿತ್ತು. ಕಾರ್ಖಾನೆಗಳ ವಾಸನೆ ಬರುತ್ತದೆಂದು ಕಿಟಕಿ ಬೇರೆ ಮುಚ್ಚಿದ್ದೆವು. ಮೊದಲ ಹಾಡು ಶುರುಮಾಡಿದೆವು. ಮೂರನೆಯ ಸಾಲಿಗೆ ಗಂಡಸರು ಮುಂದೆ, ಹೆಂಗಸರು ಹಿಂದೆ. ನಿಲ್ಲಿಸಿದೆ. ಮತ್ತೆ ಶುರು. ಮತ್ತೆ ಹಾಗೆಯೇ. ಐದನೆಯ ಸಲ ಅತ್ತೆ ಆ ಕೊನೆಯ ಅಕ್ಷರವನ್ನು ಹಿಡಿದು ಎಳೆಯುತ್ತಿರುವಾಗ ನನ್ನ ಬಾಯಿಯಿಂದ ಮಾತು ಹೊರಬಿತ್ತು.

"ಅತ್ತೆ, ನೀವು ಬರೀ ಬಾಯಿ ಆಡಿಸಿ ಸಾಕು. ಸ್ವರ ಹೊರಡಿಸಬೇಡಿ."

ಯಾರೂ ನಗಲಿಲ್ಲ. ಅಧ್ಯಕ್ಷರು ನೆಲ ನೋಡಿದರು. ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು. ಕೋಪ ಇರಲಿಲ್ಲ; ಯಾರೋ ಗುರುತಿಲ್ಲದವರನ್ನು ನೋಡಿದ ಹಾಗೆ ನೋಡಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿದು ಹೋದರು.

ಮನೆಯಲ್ಲಿ ಜಗಳವೇ ಆಗಲಿಲ್ಲ. ಜಗಳ ಆಗಿದ್ದರೆ ಚೆನ್ನಾಗಿತ್ತು. ಅವರು ಎಂದಿನಂತೆ ನನ್ನ ಡಬ್ಬಿ ಕಟ್ಟಿದರು, ಸಂಜೆ ಬಂದಾಗ ಚಹಾ ಇಟ್ಟರು. ಆದರೆ ಕೆಲಸ ಮಾಡುತ್ತ ಏನಾದರೊಂದು ಗುನುಗುವುದು ಅವರ ಅಭ್ಯಾಸ, ಅದು ನಿಂತುಹೋಯಿತು. ಮೂರು ಕೋಣೆಯ ಮನೆಯಲ್ಲಿ ಆ ಮೌನಕ್ಕೆ ಎಲ್ಲಿ ಹೋದರೂ ಎಡವುತ್ತಿದ್ದೆ.

"ಮನೆಯಲ್ಲಿ ಹೇಳಬಹುದಿತ್ತಲ್ಲ," ಎಂದರು ಗಂಡ.

"ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೆ, ನೀವು ಟಿವಿ ನೋಡುತ್ತಿದ್ದಿರಿ," ಎಂದೆ.

ಮುಂದಿನ ಭಾನುವಾರ ಅತ್ತೆ ಬರಲಿಲ್ಲ. ಈಗಲಾದರೂ ಹಾಡು ದಾರಿಗೆ ಬರುತ್ತದೆ ಎಂದುಕೊಂಡೆ. ತಾಳ ತಟ್ಟಿದೆ. ಹೆಂಗಸರು ಶುರುಮಾಡಬೇಕಾದ ಸಾಲು, ಒಬ್ಬರೂ ಶುರುಮಾಡಲಿಲ್ಲ. ಮತ್ತೆ ತಟ್ಟಿದೆ. ಒಬ್ಬರು ಹಾಡಲು ಹೊರಟರು, ಅರ್ಧ ಸಾಲು ಆದ ಮೇಲೆ ಇಬ್ಬರು ಸೇರಿದರು, ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಅರ್ಧ ಗಂಟೆ ಹೀಗೇ ಆಯಿತು.

"ಯಾಕೆ? ಏನಾಗಿದೆ ಇವತ್ತು?" ಎಂದು ರೇಗಿದೆ.

ಉತ್ತರ ಕೊಟ್ಟದ್ದು ಆ ಕಾಲೇಜು ಹುಡುಗಿ. "ಆಂಟೀ, ಅಜ್ಜಿ ಉಸಿರು ತಗೊಳ್ತಾರಲ್ಲಾ, ಜೋರ್ ಸೇ? ವೊ ಸುನ್ ಕೇ ಹಮ್ ಸ್ಟಾರ್ಟ್ ಕರ್ತೇ ಹೈಂ."

ಎಲ್ಲ ಹೆಂಗಸರೂ ಹೌದು ಹೌದು ಎಂದು ತಲೆ ಆಡಿಸಿದರು. ನನ್ನ ಕೈ ಯಾರೂ ನೋಡುತ್ತಲೇ ಇರಲಿಲ್ಲವಂತೆ. ಅತ್ತೆ ಪ್ರತಿ ಸಾಲಿನ ಮುಂಚೆ ಸೂಂ ಎಂದು ಉಸಿರು ಒಳಗೆಳೆಯುತ್ತಿದ್ದರು. ಅದು ಕೇಳಿದರೆ ಇವರೂ ಉಸಿರೆಳೆದು ಹೊರಡುತ್ತಿದ್ದರು. ಆರು ವಾರ ನಾನು ಅಂಗೈ ಉರಿಸಿಕೊಂಡದ್ದು ಗೋಡೆಗೆ!

ಆ ಸಂಜೆ ಮನೆಗೆ ಹೋಗುವ ರಿಕ್ಷಾದಲ್ಲಿ ನನಗೆ ಅಳು ಬಂತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟಿನಿಂದ. ಅತ್ತೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದರು. ನಾನು ಎದುರು ಕೂತು ಒಂದು ಸೀರೆಯ ತುದಿ ಹಿಡಿದೆ.

"ನೀವು ಬರಬೇಕು ಅತ್ತೆ. ನೀವಿಲ್ಲದೆ ಒಬ್ಬರೂ ಬಾಯಿ ತೆಗೆಯುವುದಿಲ್ಲ."

ಅವರು ಸೀರೆಯನ್ನು ನನ್ನಿಂದ ಎಳೆದು ಮಡಿಕೆ ಸರಿಮಾಡಿದರು. "ಬಂದರೆ ಮತ್ತೆ ಎಳೆಯುತ್ತೇನೆ. ನಿನಗೆ ಆಗುವುದಿಲ್ಲ."

"ಯಾಕೆ ಎಳೆಯುತ್ತೀರಿ? ನನ್ನೆದುರು ಒಬ್ಬರೇ ಹಾಡುವಾಗ ಸರಿ ಹಾಡಿದಿರಲ್ಲ?"

"ನನಗೆ ಆಗುತ್ತದೆ. ಅವರಿಗೆ ಆಗಬೇಡವಾ?" ಎಂದರು. "ಅವರಲ್ಲಿ ಇಬ್ಬರಿಗೆ ದಮ್ಮು. ಒಬ್ಬಳಿಗೆ ಕಳೆದ ವರ್ಷ ಆಪರೇಷನ್ ಆಗಿದೆ. ನೀನು ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ತಟ್ಟುತ್ತೀ. ಅವರು ಉಸಿರು ತೆಗೆಯುವುದು ಯಾವಾಗ? ನಾನು ಹಿಡಿದು ನಿಂತರೆ ಅಷ್ಟರಲ್ಲಿ ಅವರು ಉಸಿರು ತೆಗೆದುಕೊಳ್ಳುತ್ತಾರೆ."

"ಅದನ್ನು ನನಗೆ ಮೊದಲೇ ಹೇಳಬಾರದಿತ್ತಾ?"

"ಕಲಿತವಳು ನೀನು. ಗೊತ್ತಿರುತ್ತದೆ ಅಂದುಕೊಂಡೆ."

ತಪ್ಪಾಯಿತು ಎನ್ನುವ ಬದಲು ಒಳಗೆ ಹೋಗಿ ಹಾಡಿನ ಹಾಳೆ ತೆಗೆದು, ಪ್ರತಿ ಸಾಲಿನ ಕೊನೆಗೆ ಎರಡು ಎಣಿಕೆಯ ಜಾಗ ಬಿಟ್ಟು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ತಂದು ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಎರಡು ಸಾಕು. ಅದಕ್ಕಿಂತ ಹೆಚ್ಚು ಎಳೆದರೆ ನನಗೆ ಹೇಳು," ಎಂದರು. ಆಮೇಲೆ ಕುಕ್ಕರ್ ಇಡಲು ಎದ್ದರು.

ಉಳಿದ ಒಂದೇ ಭಾನುವಾರದಲ್ಲಿ ಹಾಡುಗಳು ಒಂದು ಹದಕ್ಕೆ ಬಂದವು. ಚೆನ್ನಾಗಿತ್ತು ಎನ್ನಲಾರೆ, ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯುತ್ತಿತ್ತು.

ಕಾರ್ಯಕ್ರಮ ಪಾಡ್ಯದ ರಜೆಯ ದಿನ, ಸ್ಟೇಷನ್ನಿನ ಹತ್ತಿರದ ಒಂದು ಸಭಾಗೃಹದಲ್ಲಿ. ಐದಕ್ಕೆ ಶುರುವಾಗಬೇಕಾದದ್ದು ಆರೂವರೆಗೆ ಶುರುವಾಯಿತು. ಸ್ವಾಗತ ಭಾಷಣ, ಅತಿಥಿಗಳ ಭಾಷಣ, ಸನ್ಮಾನ, ಶಾಲು, ಹಣ್ಣಿನ ಬುಟ್ಟಿ, ಮಕ್ಕಳ ವೇಷಭೂಷಣ. ಹದಿನೆಂಟು ಜನರೂ ನಾನೂ ಪರದೆಯ ಪಕ್ಕದ ಇಕ್ಕಟ್ಟಿನಲ್ಲಿ ನಿಂತೇ ಇದ್ದೆವು. ದಮ್ಮಿನವರಿಬ್ಬರಿಗೆ ನಾನು ಕುರ್ಚಿ ಹುಡುಕಿ ತಂದೆ. ವಿಜಾಪುರದವರು ಡ್ಯೂಟಿ ಮುಗಿಸಿ ಸೀದಾ ಬಂದಿದ್ದರು, ಅಂಗಿ ಮಾತ್ರ ಬದಲಿಸಿದ್ದರು. ಕೊನೆಗೆ ಅಧ್ಯಕ್ಷರೇ ನನ್ನ ಹತ್ತಿರ ಬಂದು ಕೈ ಮುಗಿದರು.

"ಮೇಡಂ, ತಪ್ಪು ತಿಳ್ಕೊಳ್ಬೇಡಿ. ಹಾಲ್ ಒಂಬತ್ತಕ್ಕೆ ಬಿಡ್ಬೇಕು. ಒಂದೇ ಹಾಡು ಹೇಳುವ."

"ಹನ್ನೆರಡು ನಿಮಿಷ ಅಂದಿದ್ರಿ!"

"ಹೌದು. ಆದ್ರೆ ಅತಿಥಿಗಳ ಬಾಯಿ ಮುಚ್ಚಿಸ್ಲಿಕ್ಕೆ ಆಗ್ತದಾ?"

ನಾನು ಅವರ ಜೊತೆ ಅಲ್ಲೇ ಜಗಳಕ್ಕೆ ನಿಂತೆ. ಅಷ್ಟರಲ್ಲಿ ನಮ್ಮ ಹೆಸರು ಕರೆದರು. ಎರಡು ತಿಂಗಳ ಭಾನುವಾರಗಳು ಮೂರೂವರೆ ನಿಮಿಷದಲ್ಲಿ ಮುಗಿದುಹೋದವು. ಗಂಡಸರು ಒಂದು ಕಡೆ ಜಾರಿದರು. ವಿಜಾಪುರದವರ ದನಿ ಅವರನ್ನು ಎತ್ತಿ ಮತ್ತೆ ಜಾಗದಲ್ಲಿ ನಿಲ್ಲಿಸಿತು. ಹೆಂಗಸರು ಒಂದು ಸಾಲೂ ತಪ್ಪಲಿಲ್ಲ. ಕೆಳಗಿಳಿದು ಬರುವಾಗ ಯಾರೋ ಅತ್ತೆಯ ಕೈ ಹಿಡಿದು, "ಎಷ್ಟು ಚಂದ ಕಲಿಸಿದ್ದೀರಿ!" ಎಂದರು. ಅತ್ತೆ ಬೇಡ ಅನ್ನಲೂ ಇಲ್ಲ, ನನ್ನ ಕಡೆ ಬೆರಳು ತೋರಿಸಲೂ ಇಲ್ಲ.

ಸಭಾಗೃಹದ ಹಿಂದಿನ ಅಂಗಳದಲ್ಲಿ ಊಟ. ನಾನು ಮುಖ ಊದಿಸಿಕೊಂಡು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಸಾಲು ಕದಲುತ್ತಿರಲಿಲ್ಲ, ಪೂರಿ ಮುಗಿದು ಬಾಣಲೆಯಿಂದ ಹೊಸದು ಏಳಬೇಕಿತ್ತು. ಆ ಕಾಲೇಜು ಹುಡುಗಿ ನನ್ನ ಮುಂದೆ ಇದ್ದಳು. "ಇತ್ನಾ ಪ್ರ್ಯಾಕ್ಟೀಸ್ ಕಿಯಾ, ವೇಸ್ಟ್ ಗಯಾ," ಎಂದು ಗೊಣಗಿ, ಎರಡನೆಯ ಹಾಡನ್ನು ಸುಮ್ಮನೆ ಹಾಡತೊಡಗಿದಳು. ಹಿಂದಿದ್ದ ಹೆಂಗಸರು ಸೇರಿಕೊಂಡರು. ಮಜ್ಜಿಗೆ ಪಾತ್ರೆಯ ಹತ್ತಿರದಿಂದ ಗಂಡಸರ ದನಿ ಬಂತು. ಊಟಕ್ಕೆ ಕುಳಿತವರು ಕೈ ನಿಲ್ಲಿಸಿ ತಿರುಗಿ ನೋಡಿದರು. ನಮ್ಮವರು ಹಸಿದಿದ್ದರೋ ಏನೋ, ಓಡುವ ಹಾಗೆ ಹಾಡುತ್ತಿದ್ದರು. ನಾನು ಹಾಕಿದ ಎರಡೆರಡು ಎಣಿಕೆಯನ್ನೆಲ್ಲ ನುಂಗಿಬಿಟ್ಟಿದ್ದರು. ನಿಧಾನ, ನಿಧಾನ ಎಂದು ನಾನು ಕೈ ಎತ್ತಿದೆ. ಒಬ್ಬರೂ ನೋಡಲಿಲ್ಲ. ಸಾಲಿನ ಆ ತುದಿಯಲ್ಲಿದ್ದ ಅತ್ತೆಯತ್ತ ನೋಡಿದೆ. ಅವರು ಹಾಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ತಟ್ಟೆಯನ್ನು ಎಡಗೈಗೆ ಬದಲಿಸಿ, ಬಿಡು ಎನ್ನುವ ಹಾಗೆ ಬಲಗೈ ಬೀಸಿದರು.

ಪೂರಿ ಬಂತು. ಹಾಡು ಅರ್ಧಕ್ಕೇ ನಿಂತಿತು.