ಖಾಲಿ ಕುರ್ಚಿಯ ಯಜಮಾನ

ಆ ಕಟಿಂಗ್ ಶಾಪಿನಲ್ಲಿ ಇದ್ದದ್ದು ಎರಡೇ ಕುರ್ಚಿ. ಬಾಗಿಲ ಹತ್ತಿರ, ಗಾಳಿ ಬೆಳಕು ಚೆನ್ನಾಗಿ ಬೀಳುವ ಕಡೆ ಇದ್ದದ್ದು ಯಜಮಾನನದು. ಒಳಗಡೆ ನಲ್ಲಿಯ ಪಕ್ಕದ್ದು ಅವನ ಭಾವಮೈದನದು. ಹೆಂಡತಿಯ ತಮ್ಮ ಎಂಬ ಒಂದೇ ಕಾರಣಕ್ಕೆ ಅವನನ್ನು ಅಂಗಡಿಗೆ ಸೇರಿಸಿಕೊಂಡು, ಕತ್ತರಿ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಯಜಮಾನನೇ ಕಲಿಸಿದ್ದ. ಮೊದಮೊದಲು "ನಮ್ಮ ಹುಡುಗ, ಕೈ ಬಲು ಚುರುಕು" ಎಂದು ಗಿರಾಕಿಗಳ ಮುಂದೆ ಹೊಗಳುತ್ತಿದ್ದ. ಆಮೇಲೆ ಗಿರಾಕಿಗಳೇ ಹೊಗಳತೊಡಗಿದರು. ಅಲ್ಲಿಗೆ ಯಜಮಾನ ಬಾಯಿ ಮುಚ್ಚಿದ.

ಬರುಬರುತ್ತಾ ಪರಿಸ್ಥಿತಿ ಎಲ್ಲಿಗೆ ಬಂತೆಂದರೆ, ಬಾಗಿಲ ಬಳಿಯ ಕುರ್ಚಿ ಖಾಲಿ ಇದ್ದರೂ ಜನ ಒಳಗಿನ ಕುರ್ಚಿಗಾಗಿ ಕಾಯುತ್ತಿದ್ದರು. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ಯಜಮಾನ ಬಟ್ಟೆ ಕೊಡವಿ ನಿಂತರೆ, "ಪರವಾಗಿಲ್ಲ, ನನಗೇನೂ ಅರ್ಜೆಂಟಿಲ್ಲ" ಎಂದು ಬೆಂಚಿನ ಮೇಲೆ ಕೂತು ಹಳೇ ಪೇಪರ್ ಬಿಡಿಸುತ್ತಿದ್ದರು. ಬೀದಿಯಲ್ಲಿ ಬಸ್ಸಿನ ಹಿಂದೆ ಓಡುವವರಿಗೂ ಈ ಅಂಗಡಿಯೊಳಗೆ ಬಂದ ಕೂಡಲೇ ಎಲ್ಲಿಲ್ಲದ ಪುರಸೊತ್ತು. ಯಜಮಾನ ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತಾ, ಭಾವಮೈದ ಗಿರಾಕಿಯೊಂದಿಗೆ ನಕ್ಕರೆ ಅದು ತನ್ನನ್ನು ನೋಡಿಯೇ ನಕ್ಕದ್ದೆಂದು ಹಲ್ಲು ಕಚ್ಚುತ್ತಿದ್ದ. ಮನೆಗೆ ಹೋದರೆ ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. "ನಿನ್ನ ತಮ್ಮ ಕತ್ತರಿಸಿ ಬೀಳಿಸಿದ ಕೂದಲನ್ನ ಗುಡಿಸೋಕೆ ನಾನಿರೋದು, ಅಲ್ವಾ?"

"ಅವನೇ ಗುಡಿಸ್ತಾನಲ್ಲ ರೀ" ಎನ್ನುತ್ತಿದ್ದಳು ಅವಳು. ಅದೂ ನಿಜವೇ. ನಿಜವಾಗಿದ್ದರಿಂದ ಇನ್ನಷ್ಟು ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಭಾವಮೈದ ಊಟಕ್ಕೆಂದು ಮನೆಗೆ ಹೋಗಿದ್ದಾಗ ಮೂಲೆಯ ಬೇಕರಿಯವನು ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಬಂದ. ಕತ್ತರಿ ಕಂಡರೆ ಊರು ಕೇಳುವಂತೆ ಅಳುವ ಮಗು ಅದು. ಭಾವಮೈದ ಮೊದಲು ಅವಳ ಬೊಂಬೆಗೆ ಬಟ್ಟೆ ಹೊದಿಸಿ, ಸುಳ್ಳುಸುಳ್ಳೇ ಕತ್ತರಿ ಆಡಿಸಿ, ಆಮೇಲಷ್ಟೇ ಅವಳ ತಲೆ ಮುಟ್ಟುತ್ತಿದ್ದ.

"ನಿಮ್ಮ ಭಾವಮೈದ ಇಲ್ವಾ?" ಎಂದು ಬೇಕರಿಯವನು ಕೇಳಿದ.

"ಇವತ್ತು ಅವನು ರಜ" ಎಂದುಬಿಟ್ಟ ಯಜಮಾನ. ಇನ್ನೇನು ಬರುವ ಹೊತ್ತಾಗಿತ್ತೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಮಕ್ಕಳ ಕಟಿಂಗ್ ಏನು ಮಹಾ ವಿದ್ಯೆನಾ? ಕೂರಿಸಿ."

ಮಗುವಿನ ಕೈಯಲ್ಲಿದ್ದ ಬೊಂಬೆಯನ್ನು ಅವನು ಪಕ್ಕಕ್ಕೆ ಎತ್ತಿಟ್ಟ. ಮಗು ಕಿರುಚಿತು. ತಲೆಯನ್ನು ಗಟ್ಟಿಯಾಗಿ ಹಿಡಿದ. ಮಗು ಕೊಸರಿತು, ಕತ್ತರಿ ಕಿವಿಯ ಅಂಚಿಗೆ ತಾಗಿತು. ಗಾಯ ಸಣ್ಣದೇ, ಆದರೆ ಬಿಳಿ ಬಟ್ಟೆಯ ಮೇಲೆ ರಕ್ತ ಇಳಿಯಿತು. ಅಪ್ಪನ ಕೂಗು, ಮಗಳ ಅಳು ನಡೆದಿರುವಾಗಲೇ ಬಾಗಿಲಲ್ಲಿ ಭಾವಮೈದ ಕಾಣಿಸಿಕೊಂಡ.

"ರಜ ಅಂದ್ರಲ್ಲ!" ಎಂದು ಬೇಕರಿಯವನು ಗುಡುಗಿದ.

ಭಾವಮೈದ ಒಮ್ಮೆ ಯಜಮಾನನ ಮುಖ ನೋಡಿದ. "ರಜ ಬೇಕು ಅಂತ ಬೆಳಿಗ್ಗೆ ನಾನೇ ಕೇಳಿದ್ದೆ ಸಾರ್. ಆಮೇಲೆ ಮನಸ್ಸು ಬದಲಾಯಿಸಿದ್ದನ್ನ ಭಾವನಿಗೆ ಹೇಳ್ಲಿಲ್ಲ. ತಪ್ಪು ನಂದು" ಎಂದವನೇ ಕಿವಿಗೆ ಹತ್ತಿ ಒತ್ತಿ ಮಗುವನ್ನು ಎತ್ತಿಕೊಂಡ.

ಬೈದಿದ್ದರೆ ಯಜಮಾನ ತಡೆದುಕೊಳ್ಳುತ್ತಿದ್ದ. ತಿರುಗಿ ಜಗಳವಾಡಿ ಹಗುರಾಗುತ್ತಿದ್ದ. ತಾನು ಹೇಳಿದ ಸುಳ್ಳಿನ ಮೇಲೆ ಇವನು ಬಟ್ಟೆ ಹೊದಿಸಿಬಿಟ್ಟನಲ್ಲ! ಒಳ್ಳೆಯತನದಲ್ಲೂ ತನಗಿಂತ ಮುಂದೆ ಹೋದನಲ್ಲ! ಮಗುವಿನ ಕಿವಿಯಿಂದ ರಕ್ತ ಒಸರುತ್ತಿರುವಾಗಲೂ ತನ್ನ ತಲೆಗೆ ಮೊದಲು ಹೊಳೆದದ್ದು ಈ ಹೊಟ್ಟೆಕಿಚ್ಚೇ ಎಂದು ಅರಿವಾದಾಗ ಮಾತ್ರ ಅವನು ಬೆಚ್ಚಿಬಿದ್ದ. ಇದೆಂಥ ಮನುಷ್ಯ ನಾನು ಎಂದುಕೊಂಡ.

ಮರುದಿನ ಬೆಳಿಗ್ಗೆ ಶಟರ್ ಎತ್ತಿದ ಯಜಮಾನ ತನ್ನ ಕುರ್ಚಿಯ ಕಡೆಗೆ ಹೋಗದೆ ಸೀದಾ ಒಳಗಿನ ಕುರ್ಚಿಯಲ್ಲಿ ಕೂತ. "ನನಗೊಂದು ಕಟಿಂಗ್ ಮಾಡು" ಎಂದ.

ಭಾವಮೈದ ಕಕ್ಕಾಬಿಕ್ಕಿಯಾದ. ಆದರೂ ಬಟ್ಟೆ ಹೊದಿಸಿ, "ಹೇಗೆ ಬೇಕು ಭಾವ?" ಎಂದು ಕೇಳಿದ. ಉತ್ತರ ಬರುವವರೆಗೂ ಕತ್ತರಿ ಎತ್ತಲಿಲ್ಲ. ಯಜಮಾನನ ಬಾಯಿಂದ ಬೇರೆಯೇ ಮಾತು ಬಂತು.

"ನಿನ್ನ ಕಂಡ್ರೆ ನನಗೆ ಹೊಟ್ಟೆಯುರಿ ಕಣೋ."

"ಗೊತ್ತು ಭಾವ."

"ಗೊತ್ತಾ?"

"ಬೆಂಚಲ್ಲಿ ಕೂರೋರಿಗೂ ಗೊತ್ತು."

ಯಜಮಾನನ ಮುಖ ಕೆಂಪಾಯಿತು. "ಯಾಕೆ ಯಾರೂ ನನ್ನ ಹತ್ರ ಕೂರಲ್ಲ? ಮುಲಾಜಿಲ್ಲದೆ ಹೇಳು."

"ಕೂತ ತಕ್ಷಣ ನೀವು ಅವರ ತಲೇನ ಬೈತೀರಿ ಭಾವ. ಯಾವ ಪುಣ್ಯಾತ್ಮ ಕಟ್ ಮಾಡಿದ್ದು, ಇಲಿ ಮೇಯ್ದ ಹಾಗಿದೆ ಅಂತೀರಿ. ಹೋದ ಸಲ ಮಾಡಿದ್ದು ನೀವೇ ಆಗಿರುತ್ತೆ."

ನಗು ಬಂತು, ಅದರ ಹಿಂದೆಯೇ ಅಳುವೂ. ಬಟ್ಟೆಯೊಳಗೆ ಕೈ ಸಿಕ್ಕಿಕೊಂಡಿದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಆ ಮಧ್ಯಾಹ್ನ ಅವನೇ ಬೇಕರಿಗೆ ಹೋಗಿ, "ನಿನ್ನೆ ಸುಳ್ಳು ಹೇಳಿದ್ದು ನಾನು. ಅವನದೇನೂ ತಪ್ಪಿಲ್ಲ" ಎಂದ. ಬೇಕರಿಯವನು ಬ್ರೆಡ್ ಜೋಡಿಸುತ್ತಲೇ ಕೇಳಿಸಿಕೊಂಡ. "ಬಂದು ಹೇಳಿದ್ರಲ್ಲ, ಸಂತೋಷ. ಆದ್ರೆ ಮಗೂನ ಮಾತ್ರ ನಿಮ್ಮ ಅಂಗಡಿಗೆ ಕರ್ಕೊಂಡು ಬರಲ್ಲ" ಎಂದ. ಹೇಳಿದಂತೆಯೇ ನಡೆದುಕೊಂಡ. ಭಾವಮೈದನೇ ಅವರ ಮನೆಗೆ ಹೋಗಿ ಕಟ್ ಮಾಡಿ ಬರುವಂತಾಯಿತು. ಅವನು ಕತ್ತರಿ ಚೀಲ ಹಿಡಿದು ಹೊರಟಾಗಲೆಲ್ಲ ಯಜಮಾನನಿಗೆ ಒಳಗೆ ಚುರ್ ಎನ್ನುತ್ತಿತ್ತು.

ಇನ್ನು ಮುಂದೆ ಯಾರ ತಲೆಯನ್ನೂ ಬೈಯುವುದಿಲ್ಲ, ಮೊದಲು ಕೇಳಬೇಕು ಎಂದು ಅವನು ನಿಶ್ಚಯಿಸಿದ. ಮೊದಲ ಪರೀಕ್ಷೆಯಾಗಿ ಬಂದ ಹಳೇ ಗಿರಾಕಿಯ ತಲೆ ನಿಜಕ್ಕೂ ಇಲಿ ಮೇಯ್ದಂತೆಯೇ ಇತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಕೆಮ್ಮಿ, "ಹೇಗೆ ಬೇಕು ಸಾರ್?" ಎಂದ. ಗಿರಾಕಿ ಗಾಬರಿಯಾದ. "ಯಾಕೆ, ಮೈ ಹುಷಾರಿಲ್ವಾ?"

ಆದರೂ ಆತ ಮತ್ತೆ ಬಂದ. ಜೊತೆಗೆ ತನ್ನ ಅಣ್ಣನನ್ನೂ ಕರೆತಂದ. ಬೆಂಚಿನ ಮೇಲೆ ಕಾಯುವವರು ಪೂರ್ತಿ ಇಲ್ಲವಾಗಲಿಲ್ಲ, ಯಜಮಾನನ ಉರಿಯೂ ಪೂರ್ತಿ ಆರಲಿಲ್ಲ. ಅದಕ್ಕೆ ಅವನು ಇನ್ನೊಂದು ನಿಶ್ಚಯ ಮಾಡಿದ. ಉರಿದ ದಿನ ಅದನ್ನು ಬೇರೆ ಯಾವುದೋ ಸಿಟ್ಟೆಂದು ಹೇಳಿ ಕೂಗಾಡುವುದಿಲ್ಲ, ಇದ್ದದ್ದನ್ನು ಇದ್ದಂತೆ ಹೆಂಡತಿಗೆ ಹೇಳುವುದು ಎಂದು. "ಇವತ್ತು ಉರೀತು" ಎನ್ನುತ್ತಾ ಊಟಕ್ಕೆ ಕೂರುತ್ತಿದ್ದ. ಯಾರು ಬಂದರು, ಯಾರು ಏನೆಂದರು, ತನಗೆ ಎಲ್ಲಿ ಚುಚ್ಚಿತು, ಎಲ್ಲವನ್ನೂ ಹೇಳುತ್ತಿದ್ದ. ಅವಳು ಬಡಿಸುತ್ತಾ ಹೂಂಗುಟ್ಟುತ್ತಿದ್ದಳು.

ಒಂದು ದಿನ ಅವಳೇ ಅಂದಳು, "ನನಗೂ ಇವತ್ತು ಉರೀತು."

"ಯಾರ ಮೇಲೆ?"

"ನಿಮ್ಮ ಮೇಲೆ. ನಿಮ್ಮ ಹೊಟ್ಟೆಯುರಿ ಕೇಳೋಕೆ ನಾನಿದ್ದೀನಿ. ನಂದು ಕೇಳೋಕೆ ಯಾರಿದ್ದಾರೆ?"

ಅವನು ಬಾಯಿ ತೆರೆದ, ಏನೋ ಸಮಾಧಾನ ಹೇಳಲು ಹೊರಟ. ಅದನ್ನು ಬಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅವಳ ಕಡೆಗೆ ತಿರುಗಿ ಕೂತ.

"ಹೇಳು" ಎಂದ.