ಜೊಂಡಿನ ಗಂಟು

ಏರ್‌ಪೋರ್ಟ್ ರಸ್ತೆಯ ಫ್ಲೈಓವರ್ ಮುಗಿದ ಹೊಸತರಲ್ಲಿ ನಾನು ಬ್ಯಾಂಕಿನ ಕೆಲಸ ಬಿಟ್ಟು, ಯಲಹಂಕದಾಚೆಯ ಒಂದು ಕೆರೆಗೆ ಜನರನ್ನು ಹಕ್ಕಿ ತೋರಿಸಲು ಕರೆದೊಯ್ಯತೊಡಗಿದೆ. ಬಂಡೀಪುರಕ್ಕೆ ಎಲ್ಲರೂ ಹೋಗುತ್ತಾರೆ. ಊರ ಪಕ್ಕದ ಕೆರೆಗೆ, ಅದರಲ್ಲೂ ದೊಡ್ಡ ಕ್ಯಾಮೆರಾದವರನ್ನೇ ಕರೆತರಬೇಕೆಂಬುದು ನನ್ನ ಉಪಾಯ. ಸಹಕಾರನಗರದಿಂದ ಭಾನುವಾರ ಬೆಳಿಗ್ಗೆ ವ್ಯಾನು, ಕೆರೆ ಏರಿಯ ಮೇಲೆ ಇಡ್ಲಿ-ವಡೆ. ಕರಪತ್ರದಲ್ಲಿ ‘ಪರಿಸರಸ್ನೇಹಿ ಪ್ರವಾಸ’ ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೆ.

ನಿಜ ಹೇಳಬೇಕೆಂದರೆ ಹಕ್ಕಿಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೇ. ಗೊತ್ತಿದ್ದದ್ದು ದನಕ್ಕೆ ಜೊಂಡು ಕೊಯ್ಯಲು ಬರುತ್ತಿದ್ದ ಹೆಂಗಸೊಬ್ಬರಿಗೆ. ಜೊಂಡಿನೊಳಗೆ ಗೂಡು ಕಂಡರೆ ಅವರು ಅಲ್ಲಿನ ನಾಲ್ಕಾರು ತುದಿ ಸೇರಿಸಿ ಗಂಟು ಹಾಕುತ್ತಿದ್ದರು. ಗಂಟು ಕಂಡ ಕಡೆ ಜೊಂಡಿಗೆ ಬರುವ ಬೇರೆ ಯಾರೂ ಕುಡುಗೋಲು ಹಾಕುತ್ತಿರಲಿಲ್ಲ. ಇದನ್ನು ನನಗೆ ಹೇಳಿಕೊಟ್ಟವರೂ ಅವರೇ. ನಾನು ಗಂಟು ನೋಡಿಕೊಂಡು ನೇರ ಗೂಡಿನೆದುರು ಹೋಗಿ ನಿಲ್ಲುತ್ತಿದ್ದೆ. “ಹೆಂಗ್ರೀ ಕಂಡ್ಹಿಡೀತೀರಾ?” ಎಂದು ಬಂದವರು ಬೆರಗಾದರೆ, “ಎಲ್ಲಾ ಎಕ್ಸ್‌ಪೀರಿಯೆನ್ಸ್” ಎಂದು ಜಂಬ ಕೊಚ್ಚುತ್ತಿದ್ದೆ. ಆ ಅಮ್ಮ ಕೇಳಿಸುವಷ್ಟು ಹತ್ತಿರದಲ್ಲೇ ಜೊಂಡು ಕೊಯ್ಯುತ್ತಿದ್ದರು.

ಒಂದು ಭಾನುವಾರ, ನೀರುಕೋಳಿಯ ಗೂಡಿಗೆ ಜೊಂಡು ಅಡ್ಡ, ಫೋಟೊ ಸರಿಯಾಗಿ ಬರುತ್ತಿಲ್ಲ ಎಂದು ಒಬ್ಬರು ಗೊಣಗಿದರು. ಮುಂದಿನ ವಾರ ಗೆಳೆಯರನ್ನೂ ಕರೆತರುತ್ತೇನೆಂದಿದ್ದ ಗಿರಾಕಿ. ಆ ಅಮ್ಮನ ಕುಡುಗೋಲನ್ನೇ ಕೇಳಿ ಪಡೆದು, ಗಂಟಿನ ಸಮೇತ ಮುಂದಿನ ಜೊಂಡನ್ನೆಲ್ಲ ಸವರಿಬಿಟ್ಟೆ. ಫೋಟೊ ಚೆನ್ನಾಗಿ ಬಂತು. ನಾವು ಇಡ್ಲಿ ತಿಂದು ಕೈ ತೊಳೆಯುವಷ್ಟರಲ್ಲಿ ಕಾಗೆಗಳು ಮೊಟ್ಟೆಗಳನ್ನು ಖಾಲಿ ಮಾಡಿದ್ದವು.

ಆ ಅಮ್ಮ ಬೈಯಲಿಲ್ಲ. “ಓದ್ದೋರು, ತಿಳ್ಕಂಡೇ ಮಾಡ್ತಾವ್ರೆ ಅಂತ ಕುಡ್ಲು ಕೊಟ್ಟೆ ಸಾ,” ಎಂದಷ್ಟೇ ಹೇಳಿದರು. ತಪ್ಪಾಯಿತು ಎನ್ನುವುದನ್ನು ಬಿಟ್ಟು ನಾನು ವ್ಯಾನಿನವರ ಮುಂದೆ ಪ್ರಕೃತಿಯ ನಿಯಮ, ಅದು ಇದು ಎಂದು ಭಾಷಣ ಬಿಗಿದೆ. ಮೊಟ್ಟೆಗಿಂತ ಆ ಭಾಷಣ ನೆನಪಾದಾಗಲೇ ನನಗೆ ಹೆಚ್ಚು ನಾಚಿಕೆಯಾಗುವುದು.

ಮರುವರ್ಷ ಮೊಟ್ಟೆಯಿಡುವ ಕಾಲಕ್ಕೆ ಹೊಸ ಗುಂಪು ಕಟ್ಟಿಕೊಂಡು ಹೋದೆ. ಕೆರೆ ಸುತ್ತಿದರೂ ಒಂದೇ ಒಂದು ಗಂಟು ಕಾಣಲಿಲ್ಲ. ಆ ಅಮ್ಮ ಅದೇ ಜಾಗದಲ್ಲಿ ಕೊಯ್ಯುತ್ತಿದ್ದರು.

“ಯಾಕಮ್ಮಾ, ಈ ಸಲ ಗೂಡೇ ಕಟ್ಟಿಲ್ವಾ?”

“ಕಟ್ಟವೆ ಸಾ,” ಎಂದರು, ಕೈ ನಿಲ್ಲಿಸದೆ. “ಗಂಟಾಕಿದ್ರೆ ನಿಮ್ಗೂ ಗೊತ್ತಾಯ್ತದಲ್ಲ. ಅದ್ಕೇ ಈಗ ನಾವ್ ನಾವೇ ಬಾಯಲ್ಲಿ ಏಳ್ಕಂತೀವಿ.”

ಇವತ್ತು ಗೂಡುಗಳಿಲ್ಲ ಎಂದು ವ್ಯಾನಿನವರಿಗೆ ಹೇಳಿ, ಇಡ್ಲಿ ಬಡಿಸಿದೆ.