ಪಾಲಿಶ್ ಒಣಗುವವರೆಗೆ

ನಮ್ಮ ಭಾವ ಮೂವತ್ತು ವರ್ಷ ಬಾಗಿಲುಗಳಿಗೆ ಪಾಲಿಶ್ ಹೊಡೆದವರು. ನಾನು ಬಡಗಿ, ನಾನು ಮಾಡಿದ ಬಾಗಿಲಿಗೆ ಕಳೆ ಕೊಡುತ್ತಿದ್ದವರು ಅವರು. ಎದುರು ನಿಂತು ಹಲ್ಲು ಕಿಸಿದರೆ ಹಲ್ಲು ಎಣಿಸಬಹುದು, ಅಂಥ ಹೊಳಪು. ಅದಕ್ಕೊಂದು ಕ್ರಮವಿತ್ತು: ಹಸಿ ಪಾಲಿಶ್ ಮೇಲೆ ಧೂಳು ಕೂರಬಾರದೆಂದು ಕಿಟಕಿಗಳೆಲ್ಲ ಬಂದ್, ಬಾಗಿಲ ಸಂದಿಗೂ ಒದ್ದೆ ಬಟ್ಟೆ. ಒಳಗೆ ಪಾಲಿಶ್‌ಗೆ ಬೆರೆಸುವ ಥಿನ್ನರ್ ವಾಸನೆ, ಭಾವ, ಅವರ ಶಿಳ್ಳೆ.

ಹೋದ ವರ್ಷ ಶಿಳ್ಳೆ ನಿಂತಿತು. ಕೆಮಿಕಲ್ ಕುಡಿದು ಕುಡಿದು ಶ್ವಾಸಕೋಶ ಅರ್ಧ ಹೋಗಿದೆ, ಉಳಿದರ್ಧವನ್ನಾದರೂ ಕಾಪಾಡಿಕೊಳ್ಳಿ ಅಂದರು ಡಾಕ್ಟರಮ್ಮ. ಅಕ್ಕನ ಕಿವಿಗೆ ಬಿದ್ದದ್ದು 'ಕೆಮಿಕಲ್' ಅನ್ನುವ ಒಂದೇ ಮಾತು. ಪ್ಲಾಸ್ಟಿಕ್ ಡಬ್ಬಿ, ಫಿನಾಯಿಲ್, ವಾಸನೆ ಸೋಪು, ಎಲ್ಲ ಬೀದಿಗೆ.

"ಇನ್ನು ಉಳಿದಿರೋದು ನಾನೊಬ್ಬ. ನಾಳೆ ನನ್ನೂ ಹೊರಗೆ ಹಾಕ್ತಾಳೆ ನೋಡು ಭಾಮೈದ," ಅಂದರು ಭಾವ.

ನನಗೆ ರೇಗಿತು. ಥಿನ್ನರ್ ಮೆತ್ತಿದ ಅವರ ಅಂಗಿ ಮಲಗುವ ಕೋಣೆಯ ಮೊಳೆಗೇ ನೇತಾಡುತ್ತಿತ್ತು!

"ಸೋಪು ಬಿಸಾಕ್ತೀಯಲ್ಲೇ, ಇದು ಕಣ್ಣಿಗೆ ಕಾಣಲ್ವಾ?"

"ಅದು ಅವರ ವಾಸನೆ ಕಣೋ," ಅಂದಳು ಅಕ್ಕ.

ಅವಳನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

"ಡಬ್ಬಿ, ಸೋಪು ಇರಲಿ ಬಿಡಮ್ಮ. ಫಿನಾಯಿಲ್ ಹಾಕಿದಾಗ ಕಿಟಕಿ ತೆಗೀರಿ, ಸಾಕು. ಆದ್ರೆ ಆ ಅಂಗಿ ಮನೆಗೆ ಬರಬಾರದು. ಕೆಲಸ ಬಿಡೋಕಾಗಲ್ಲ ಅಂದ್ರೆ ಮಾಸ್ಕ್ ಹಾಕ್ಕೊಂಡು, ಕಿಟಕಿ ತೆಗೆದೇ ಮಾಡಲಿ. ಮುಚ್ಚಿದ ಕೋಣೇನೇ ಅವರನ್ನ ತಿಂತಿರೋದು."

ಎಂಟು ದಿನ ಭಾವ ಹಾಗೇ ಮಾಡಿದರು. ಒಂಬತ್ತನೆಯ ದಿನ ಒಂದು ದೊಡ್ಡ ಬಾಗಿಲಿಗೆ ಕೊನೆಯ ಕೈ. ಹೊರಗೆ ನಾನು ಮರ ಉಜ್ಜುವ ಮಿಷನ್ ಓಡಿಸುತ್ತಿದ್ದೆ. ನನ್ನ ಧೂಳೆಲ್ಲ ಕಿಟಕಿಯಿಂದ ಹಾರಿ, ರವೆ ಎರಚಿದ ಹಾಗೆ ಹಸಿ ಬಾಗಿಲಿಗೆ ಅಂಟಿತು. ಮಾರನೆಯ ದಿನವೇ ಮನೆ ಮಾಲೀಕರು ನೋಡಲು ಬರುವವರು. ತಪ್ಪು ನನ್ನದು, ಸಿಟ್ಟು ಮಾತ್ರ ಅವರ ಮೇಲೆ ಹೋಯಿತು.

"ಮುಚ್ಚಿ ಭಾವ ಆ ಹಾಳು ಕಿಟಕೀನ!"

ಭಾವ ಮುಚ್ಚಿದರು. ಬಾಗಿಲು ಉಜ್ಜಿ ಮತ್ತೆ ಹೊಡೆದರು. ಮಿಷನ್ ಅರ್ಧ ದಿನ ನಿಲ್ಲಿಸಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ನಿಲ್ಲಿಸಲಿಲ್ಲ. ಆಮೇಲೆ ಯಾವ ಕೆಲಸದಲ್ಲೂ ಅವರು ಕಿಟಕಿ ತೆರೆಯಲಿಲ್ಲ.

ಈಗ ಆಸ್ಪತ್ರೆ ಮಂಚ, ಮೂಗಿಗೆ ಕೊಳವೆ. ನಿನ್ನೆ ಅಕ್ಕ ಕೇಳಿದಳು: "ಎಲ್ಲಾ ಹೇಳಿದ ಹಾಗೇ ಮಾಡಿದ್ವಲ್ಲ? ಕಿಟಕಿ ತೆಗೆದೇ ಮಾಡ್ತಿದ್ರಿ ತಾನೆ?"

ಭಾವ ನನ್ನ ಕಡೆ ನೋಡಲಿಲ್ಲ. "ಹೂಂ, ತೆಗೆದೇ," ಅಂದರು. ಅಷ್ಟು ಹೇಳಲು ಎರಡು ಸಲ ಉಸಿರೆಳೆದುಕೊಂಡರು.

ನಾನು ಬಾಯಿ ಬಿಡಲಿಲ್ಲ.